ನಿವೃತ್ತಿಗೆ ಕಡಲೂರು: ಕುಂದಾಪುರವೋ, ಕುಮಟಾವೋ? ಮುಂಗಡ ಕೊಡುವ ಮುನ್ನ ಇವನ್ನು ನೋಡಿ

ಮುಂಬೈ, ಪುಣೆಯಲ್ಲಿ ದುಡಿದು ನಿವೃತ್ತರಾದ ಕರಾವಳಿ ಕನ್ನಡಿಗರಲ್ಲಿ ಅನೇಕರು ಊರ ಕಡೆ ಜಾಗ ಹುಡುಕುತ್ತಾರೆ. ಅಲ್ಲಿನ ಸಣ್ಣ ಫ್ಲ್ಯಾಟ್ ಮಾರಿದ ಹಣಕ್ಕೆ ಇಲ್ಲಿ ಅಂಗಳ, ಬಾವಿ ಇರುವ ಮನೆಯೇ ಸಿಗಬಹುದು. ಹಾಗೆಂದು ಅಗ್ಗವೆಂಬ ಒಂದೇ ಕಾರಣಕ್ಕೆ ಮುಂಗಡ ಕೊಡಬೇಡಿ.

ಮೊದಲು ಆಸ್ಪತ್ರೆ. ಮಣಿಪಾಲಕ್ಕೆ ಕುಂದಾಪುರದಿಂದ ಸುಮಾರು 40 ಕಿ.ಮೀ., ಕುಮಟಾದಿಂದ ಸುಮಾರು 150 ಕಿ.ಮೀ. ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಒತ್ತಾಯಿಸುತ್ತಿರುವುದು ಸುಮ್ಮನೆ ಅಲ್ಲ. ಎಪ್ಪತ್ತು ದಾಟಿದವರಿಗೆ ರಾತ್ರಿ ಎದೆನೋವು ಬಂದರೆ ಈ ಅಂತರವೇ ಎಲ್ಲಕ್ಕಿಂತ ದೊಡ್ಡ ಲೆಕ್ಕ.

ಸಮುದ್ರಕ್ಕೆ ತಾಗಿದ ಜಾಗ ಕಡಿಮೆ ಬೆಲೆಗೆ ಬಂದರೆ ಸಿಆರ್‌ಝಡ್ ನಕ್ಷೆ ಕೇಳಿ. 2019ರ ಅಧಿಸೂಚನೆಯಂತೆ ಗ್ರಾಮೀಣ ಭಾಗದಲ್ಲಿ ಜನದಟ್ಟಣೆ ಹೆಚ್ಚಿದ್ದರೆ ಉಬ್ಬರದ ರೇಖೆಯಿಂದ 50 ಮೀಟರ್, ಉಳಿದೆಡೆ 200 ಮೀಟರ್‌ವರೆಗೆ ಹೊರಗಿನಿಂದ ಬಂದವರು ಸಾಮಾನ್ಯವಾಗಿ ಹೊಸ ಮನೆ ಕಟ್ಟುವಂತಿಲ್ಲ. ಉಪ್ಪುನೀರು ನುಗ್ಗುವ ಹೊಳೆಗಳ ದಂಡೆಗೂ ನಿರ್ಬಂಧವಿದೆ.

ಜಾಗ ನೋಡಲು ಡಿಸೆಂಬರ್ ರಜೆಯಲ್ಲಿ ಹೋಗುವವರೇ ಹೆಚ್ಚು. ಆಗ ಎಲ್ಲವೂ ಚೆಂದ. ಮೇ ಕೊನೆಯಲ್ಲಿ ಹೋಗಿ ಬಾವಿ ನೀರು ಕುಡಿದು ನೋಡಿ, ಬೇಸಿಗೆಯಲ್ಲಿ ಕಡಲ ಪಕ್ಕದ ಬಾವಿ ಉಪ್ಪಾಗುವುದುಂಟು. ಜುಲೈಯಲ್ಲಿ ಇನ್ನೊಮ್ಮೆ ಹೋದರೆ ಮರವಂತೆಯಂತಹ ಕಡೆ ಕಡಲ್ಕೊರೆತ ಎಂದರೇನೆಂದು ಗೊತ್ತಾಗುತ್ತದೆ. ದಂಡೆಯಿಂದ ಎರಡು-ಮೂರು ಕಿ.ಮೀ. ಒಳಗಿನ ಮನೆಯೇ ಮೇಲು. ಉಪ್ಪುಗಾಳಿಗೆ ಕಿಟಕಿ ಸರಳು, ಫ್ರಿಜ್ ತುಕ್ಕು ಹಿಡಿಯುವುದೂ ಅಷ್ಟು ಕಡಿಮೆ.

ರಾಜ್ಯದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಮನೆ ಕಟ್ಟಲು ಭೂಪರಿವರ್ತನೆ ಆಗಿರಬೇಕು. ಆ ಆದೇಶದ ಪ್ರತಿಯನ್ನು ಮಾರುವವರಿಂದಲೇ ಮೊದಲು ಪಡೆಯಿರಿ.