ರಟ್ಟಿನೊಳಗಿನ ಹೆಸರುಗಳು



ಕಳೆದ ಈದ್ ರಜೆಯಲ್ಲಿ ದುಬೈಯ ಕರಾಮಾದಲ್ಲಿರುವ ನಮ್ಮ ಸದಸ್ಯರೊಬ್ಬರ ಮನೆಗೆ ಚಹಾಕ್ಕೆ ಹೋಗಿದ್ದೆವು. ಮಾತಿನ ನಡುವೆ ಅವರು ಊರಿನಿಂದ ತಂದ ಅಜ್ಜನ ಕಾಲದ ಸಂಗೀತ ಪುಸ್ತಕವೊಂದನ್ನು ಮುಂದಿಟ್ಟರು. ಮಂಗಳೂರಿನಲ್ಲಿ 1841ರಲ್ಲಿ ಶುರುವಾದ ಬಾಸೆಲ್ ಮಿಶನ್ ಪ್ರೆಸ್ಸಿನದು. "ಮೊದಲ ಹಾಳೆಗೆ ಹುಳ ಹಿಡಿದಿದೆ, ಕಿತ್ತು ಹೊಸ ಬೈಂಡಿಂಗ್ ಮಾಡಿಸುತ್ತೇನೆ" ಎಂದರು. ಆ ಹಾಳೆಯಲ್ಲಿ ಮೂರು ಹೆಸರುಗಳಿದ್ದವು, ಮೂರು ಬಗೆಯ ಶಾಯಿಯಲ್ಲಿ. ಒಂದನ್ನು ಯಾರೋ ಗೀಚಿ ಹಾಕಿದ್ದರು.

"ಸ್ವಲ್ಪ ತಡೆಯಿರಿ" ಎಂದೆವು. ಹೀಗೆನ್ನಲು ಕಾರಣ, ನಾವು ಓದಿ ತಿಳಿದಿದ್ದ ಬೇರೊಂದು ಪುಸ್ತಕದ ಕಥೆ.

ಇಟಲಿಯ ಬೊಲೊನ್ಯದಲ್ಲಿ ಸುಮಾರು 1140ರಲ್ಲಿ ಗ್ರೇಶಿಯನ್ ಎಂಬಾತ ಚರ್ಚಿನ ಕಾನೂನುಗಳನ್ನೆಲ್ಲ ಒಟ್ಟುಗೂಡಿಸಿದ. ಗುಟೆನ್‌ಬರ್ಗನ ಬಳಿ ಕೆಲಸ ಮಾಡಿದ್ದ ಪೀಟರ್ ಶೋಫರ್ 1472ರಲ್ಲಿ ಅದನ್ನು ಮೈನ್ಜ್ ನಗರದಲ್ಲಿ ಅಚ್ಚು ಹಾಕಿಸಿದ. ಆ ಕಾಲದಲ್ಲಿ ಪುಸ್ತಕ ಬಿಡಿ ಹಾಳೆಗಳಾಗಿಯೇ ಮಾರಾಟವಾಗುತ್ತಿತ್ತು. ಕೊಂಡವನು ತನಗೆ ಬೇಕಾದಂತೆ ಬಣ್ಣದ ಅಕ್ಷರ ಬರೆಸಿ, ರಟ್ಟು ಕಟ್ಟಿಸಿಕೊಳ್ಳುತ್ತಿದ್ದ. ಆದ್ದರಿಂದ ಒಂದೇ ಅಚ್ಚಿನ ಎರಡು ಪ್ರತಿಗಳು ಅಣ್ಣತಮ್ಮಂದಿರಂತೆ, ಒಂದೇ ಮನೆತನ, ಬೇರೆ ಬೇರೆ ಮುಖ!

ಇಂಥ ಪ್ರತಿ ಯಾರ ಯಾರ ಕೈ ದಾಟಿ ಬಂತೆಂದು ಪತ್ತೆ ಮಾಡುವವರು ಕಾನೂನಿಗಿಂತ ಮೊದಲು ರಟ್ಟಿನ ಒಳಭಾಗ ನೋಡುತ್ತಾರೆ. ಚರ್ಮದ ಮೇಲಿನ ಅಚ್ಚುಗಳು ಕಟ್ಟಿದ ಕಾರ್ಖಾನೆಯನ್ನು ಹೇಳುತ್ತವೆ. ಸರಪಳಿ ತೂಗಿಸಿದ ತೂತು ಗ್ರಂಥಾಲಯವನ್ನು ಹೇಳುತ್ತದೆ. ಹೊಸ ಯಜಮಾನ ಕೆರೆದು ಅಳಿಸಿದ ಹೆಸರು ನೇರಳಾತೀತ ದೀಪದಡಿ ಎಷ್ಟೋ ಸಲ ಮತ್ತೆ ಮೇಲೇಳುತ್ತದೆ. 1803ರಲ್ಲಿ ಜರ್ಮನಿಯ ಬವೇರಿಯದ ಮಠಗಳನ್ನು ಸರ್ಕಾರ ಮುಚ್ಚಿದಾಗ ಅಲ್ಲಿನ ಪುಸ್ತಕಗಳು ಮ್ಯೂನಿಕ್ ಸೇರಿದವು. ಹೆಚ್ಚುವರಿ ಪ್ರತಿಗಳಿಗೆ 'ಡುಪ್ಲುಮ್' ಎಂದು ಗುರುತು ಹಾಕಿ ಮಾರಿದರು. ಆ ಒಂದು ಪದ ಸಿಕ್ಕಿದರೆ ಸಾಕು, ಹುಡುಕುವವನಿಗೆ ಅರ್ಧ ದಾರಿ ತೆರೆದಂತೆ.

ನಮ್ಮ ಕರಾವಳಿಯ ಪಕ್ಕದಲ್ಲೂ ಇದೇ ಆಯಿತು. ಅಬಿಸೀನಿಯಕ್ಕೆ ಹೊರಟಿದ್ದ ಮುದ್ರಣಯಂತ್ರವೊಂದು 1556ರಲ್ಲಿ ಗೋವೆಯಲ್ಲೇ ಉಳಿಯಿತು. 1567ರ ಧರ್ಮಸಭೆಯ ಬಳಿಕ ಗೋವೆಯ ಆರ್ಚ್‌ಬಿಷಪರ ಪ್ರಾಂತದ ಕಟ್ಟಳೆಗಳನ್ನು ಜುವಾಂವ್ ದ ಎಂದೇಮ್ 1568ರಲ್ಲಿ ಅಲ್ಲಿಯೇ ಅಚ್ಚಿಸಿದ. ಕನ್ನಡ ಜಿಲ್ಲೆಯ ಕೆಥೊಲಿಕರ ಮೇಲೂ ಬಹುಕಾಲ ಗೋವೆಯದೇ ಅಧಿಕಾರವಿತ್ತು. 1835ರಲ್ಲಿ ಗೋವೆಯ ಸನ್ಯಾಸಿ ಮಠಗಳು ಮುಚ್ಚಿದಾಗ ಅಲ್ಲಿನ ಪುಸ್ತಕಗಳೂ ಚೆದುರಿಹೋದವು. ಚೆದುರಿದ ಪುಸ್ತಕಕ್ಕೆ ಮೊದಲ ಹಾಳೆಯ ಹೆಸರೇ ವಿಳಾಸ. ಅದನ್ನು ಕಿತ್ತರೆ ಪುಸ್ತಕ ಅನಾಥವಾದಂತೆಯೇ ಸರಿ.

ಇಷ್ಟೆಲ್ಲ ಹೇಳಿದಾಗ ಮನೆಯವರು ನಕ್ಕರು. "ನಮ್ಮದು ಅಂಥ ದೊಡ್ಡ ಪುಸ್ತಕವಲ್ಲ ಮಾರಾಯ್ರೇ!" ಆದರೂ ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಹೆಸರುಗಳನ್ನು ಓದಿ ಹೇಳಿದರು. ಮೊದಲಿನದು ಮುತ್ತಜ್ಜನದು, ಮೂರನೆಯದು ಅಜ್ಜನದು. ಗೀಚಿದ್ದನ್ನು ದೀಪಕ್ಕೆ ಹಿಡಿದು ಅಕ್ಷರ ಕೂಡಿಸಿ ಓದಿದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅದು ನಿನ್ನ ಅಜ್ಜನ ಅಣ್ಣನ ಹೆಸರು ಮಗಾ. ಜಾಗದ ಜಗಳದಲ್ಲಿ ಅಜ್ಜನೇ ಗೀಚಿದ್ದು. ಅವರ ಮಕ್ಕಳು ಈಗ ಎಲ್ಲಿದ್ದಾರೋ."

ಹುಳ ತಿಂದ ಆ ಹಾಳೆ ಈಗ ಲಕೋಟೆಯೊಂದರಲ್ಲಿ ಪುಸ್ತಕದೊಳಗೇ ಇದೆ. ಬೈಂಡಿಂಗ್ ಆಗಿಲ್ಲ. ಅವರು ಅಬುಧಾಬಿಯ ಪರಿಚಯದವರಲ್ಲೆಲ್ಲ ಆ ಅಣ್ಣನ ಮನೆತನವನ್ನು ವಿಚಾರಿಸುತ್ತಿದ್ದಾರೆ.