ಹುರಿದ ಊಲಾಂಗ್ ಚಹಾ: ರುಚಿ, ಹದ ಮತ್ತು ಲೆಕ್ಕ

ನಿಪ್ಪಾಣಿಯ ತಂಬಾಕು ವರ್ತಕರಿಗೆ ಎಲೆಯ ಹದವನ್ನು ಯಾರೂ ಕಲಿಸಬೇಕಾಗಿಲ್ಲ. ಒಣಗಿಸುವಾಗ ಕೊಂಚ ಎಡವಿದರೂ ಬಣ್ಣ, ವಾಸನೆ, ದರ ಮೂರೂ ಬದಲಾಗುತ್ತವೆ ಎಂಬುದು ಅಲ್ಲಿನ ತಲೆಮಾರುಗಳ ಅನುಭವ. ಚೀನಾದ ಹುರಿದ ಊಲಾಂಗ್ ಚಹಾವನ್ನು ಅರಿಯಲು ಈ ಅನುಭವವೇ ಉತ್ತಮ ಬುನಾದಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಚಹಾ ಎಂದರೆ ಸಾಮಾನ್ಯವಾಗಿ ಹಾಲು, ಸಕ್ಕರೆ ಹಾಕಿ ಕುದಿಸಿದ ಸಿಟಿಸಿ ಪುಡಿ. ಅದೇ ಅಳತೆಗೋಲಿನಿಂದ ಊಲಾಂಗನ್ನು ಅಳೆದರೆ ಸರಕೂ ಕೆಡುತ್ತದೆ, ಗಿರಾಕಿಯೂ ಕೈತಪ್ಪುತ್ತಾನೆ.

ಹಸಿರು, ಕಪ್ಪು, ಊಲಾಂಗ್ ಮೂರೂ ಒಂದೇ ಗಿಡದ ಎಲೆಗಳು. ಕೊಯ್ದ ಎಲೆ ಗಾಳಿಗೆ ಬಾಡುತ್ತ ಹುದುಗುವುದನ್ನು ಆರಂಭದಲ್ಲೇ ತಡೆದರೆ ಹಸಿರು ಚಹಾ, ಪೂರ್ತಿ ಬಿಟ್ಟರೆ ಕಪ್ಪು ಚಹಾ, ನಡುವೆ ಬಿಸಿ ತಾಗಿಸಿ ನಿಲ್ಲಿಸಿದರೆ ಊಲಾಂಗ್. ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಗಳಲ್ಲಿ ಇದರ ಮೇಲೆ ಇನ್ನೊಂದು ಸಂಸ್ಕಾರ ನಡೆಯುತ್ತದೆ. ಬೂದಿ ಮುಚ್ಚಿದ ಇದ್ದಿಲ ಕೆಂಡದ ಮೇಲೆ ಬಿದಿರಿನ ಬುಟ್ಟಿಗಳಲ್ಲಿ ಎಲೆಯನ್ನಿಟ್ಟು ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಹುರಿಯುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಹುರಿಯುತ್ತಾರೆ. ತೇವಾಂಶ ಇಳಿಯುತ್ತದೆ, ಹಸಿ ಸೊಪ್ಪಿನ ವಾಸನೆ ಹೋಗುತ್ತದೆ. ಎಲೆಯ ಸಕ್ಕರೆಯೂ ಅಮೈನೋ ಆಮ್ಲಗಳೂ ಕಾವಿನಲ್ಲಿ ಕೂಡಿ ಹುರಿದ ಕಾಳು, ಕಾಕಂಬಿ, ಒಣಹಣ್ಣುಗಳನ್ನು ನೆನಪಿಸುವ ಕಂಪು ಹುಟ್ಟುತ್ತದೆ. ಗುಟುಕು ಇಳಿದ ಮೇಲೂ ಗಂಟಲಲ್ಲಿ ಸಿಹಿ ಉಳಿಯುವುದು ಒಳ್ಳೆಯ ಸರಕಿನ ಗುರುತು.

ಹೊಸದಾಗಿ ಹುರಿದ ಚಹಾದಲ್ಲಿ ಬೆಂಕಿಯ ವಾಸನೆ ಮುಂದಿರುತ್ತದೆ. ಕೆಲವು ತಿಂಗಳು ಇಟ್ಟರೆ ತಗ್ಗುತ್ತದೆ. ಆದರೆ ಕಳಪೆ ಎಲೆಯ ದೋಷವನ್ನು ಅತಿಯಾಗಿ ಹುರಿದು ಮುಚ್ಚುವವರೂ ಇದ್ದಾರೆ. ಬೆಲ್ಲಕ್ಕೆ ಬಣ್ಣ ಬರಿಸುವ ವಿದ್ಯೆಯನ್ನು ಕಂಡ ವರ್ತಕರಿಗೆ ಇದೇನೂ ಅಚ್ಚರಿಯಲ್ಲ. ಸೋಸಿದ ಮೇಲೆ ಎಲೆಯನ್ನು ಬಿಡಿಸಿ ನೋಡುವುದೇ ಪರೀಕ್ಷೆ: ಒಳ್ಳೆಯದು ಮೆತ್ತಗೆ ಅರಳುತ್ತದೆ, ಸುಟ್ಟದ್ದು ಕಪ್ಪಾಗಿ ಬಿರುಸಾಗಿಯೇ ಉಳಿಯುತ್ತದೆ.

ಇದನ್ನು ಒಲೆಯ ಮೇಲೆ ಕುದಿಸಬಾರದು, ಹಾಲು ಬೆರೆಸಬಾರದು. 100 ಮಿ.ಲೀ. ಹಿಡಿಯುವ ಮುಚ್ಚಳದ ಬಟ್ಟಲಿಗೆ 5 ಗ್ರಾಂ ಎಲೆ ಹಾಕಿ, ಆಗಷ್ಟೇ ಕುದಿದ ನೀರು ಸುರಿದು, 10ರಿಂದ 20 ಸೆಕೆಂಡುಗಳಲ್ಲಿ ಸೋಸಬೇಕು. ಅದೇ ಎಲೆಗೆ ಮತ್ತೆ ಮತ್ತೆ ನೀರೆರೆಯುತ್ತ ಸಮಯವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸಿದರೆ ಆರು ಸಲವಾದರೂ ರುಚಿ ಬಿಡುತ್ತದೆ. ಅಷ್ಟು ವ್ಯವಧಾನವಿಲ್ಲದವರು 200 ಮಿ.ಲೀ. ನೀರಿಗೆ 3 ಗ್ರಾಂ ಹಾಕಿ ಮೂರು ನಿಮಿಷ ಬಿಡಬಹುದು.

ವ್ಯಾಪಾರದ ಲೆಕ್ಕ ಇಲ್ಲಿಯೇ ಅಡಗಿದೆ. ಕಿಲೋಗ್ರಾಮಿಗೆ 6,000 ರೂ. ಎಂದು ಭಾವಿಸಿದರೆ 5 ಗ್ರಾಮಿಗೆ 30 ರೂ.; ಆರು ಬಟ್ಟಲಿಗೆ ಹಂಚಿದರೆ ಬಟ್ಟಲಿಗೆ 5 ರೂ. ಮಾತ್ರ. ಹಾಲು, ಸಕ್ಕರೆಯ ಖರ್ಚಿಲ್ಲ. ಗಿರಾಕಿಗೆ ಕಿಲೋ ದರ ಹೇಳಿದರೆ ಆತ ಹಿಂದೆ ಸರಿಯುತ್ತಾನೆ, ಬಟ್ಟಲಿನ ದರ ಹೇಳಿದರೆ ನಿಂತು ಕೇಳುತ್ತಾನೆ. 25 ಅಥವಾ 50 ಗ್ರಾಮಿನ ಪೊಟ್ಟಣಗಳೇ ಸೂಕ್ತ.

ನೇರ ಆಮದಿಗೆ ಕೈಹಾಕುವವರು ಸುಂಕವನ್ನು ಮರೆಯಬಾರದು. 0902ನೇ ಶೀರ್ಷಿಕೆಯಡಿ ಭಾಗಶಃ ಹುದುಗಿದ ಚಹಾ ಸೇರುವುದು ಕಪ್ಪು ಚಹಾದ ಜೊತೆಗೆ, ಹಸಿರಿನ ಜೊತೆಗಲ್ಲ. ಮೂಲ ಸುಂಕ ಶೇ. 100, ಸರ್ಚಾರ್ಜ್ ಮತ್ತು ಶೇ. 5 ಐಜಿಎಸ್‌ಟಿ ಬೇರೆ. ಐಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು, ಸುಂಕ ಮಾತ್ರ ವೆಚ್ಚಕ್ಕೇ ಸೇರುತ್ತದೆ. ನೀಲಗಿರಿ, ಡಾರ್ಜಿಲಿಂಗ್‌ನ ಕೆಲವು ತೋಟಗಳೂ ಊಲಾಂಗ್ ತಯಾರಿಸುವುದರಿಂದ ಮೊದಲ ಪ್ರಯೋಗಕ್ಕೆ ಅಲ್ಲಿಂದ ತರಿಸುವುದು ಜಾಣತನ.

ದಾಸ್ತಾನಿನ ವಿಷಯದಲ್ಲಿ ನಿಪ್ಪಾಣಿಯವರಿಗೆ ಒಂದು ಎಚ್ಚರಿಕೆ ಅಗತ್ಯ. ಚಹಾ ಸುತ್ತಲಿನ ವಾಸನೆಯನ್ನೂ ತೇವವನ್ನೂ ಬೇಗ ಹೀರುತ್ತದೆ. ತಂಬಾಕು, ಮೆಣಸಿನಕಾಯಿ ಇರುವ ಗೋದಾಮಿನಲ್ಲಿ ಅದನ್ನು ಇಡಲೇಬಾರದು. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯನ್ನು ಅಗತ್ಯವಿದ್ದಾಗಲಷ್ಟೇ ತೆರೆಯಬೇಕು.