ವಿಶ್ವಾಸಮತದ ಒಂದು ದಿನ ಮತ್ತು ನಮ್ಮ ಮತದ ಹೊಣೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ನಾವು ಅಭಿಮಾನದಿಂದ ಕರೆಯುತ್ತೇವೆ. 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಆ ಮಂಟಪದ ಚಿತ್ರವು ಅನಾವರಣಗೊಂಡಾಗ ಬಸವಭಕ್ತರೆಲ್ಲರೂ ಸಂತೋಷಪಟ್ಟರು. ಆದರೆ ಹೆಸರಿನ ಅಭಿಮಾನ ಸುಲಭ. ಅದಕ್ಕೆ ತಕ್ಕ ಹೊಣೆಯನ್ನು ಹೊರುವುದು ಕಷ್ಟ. ಈ ಮಾತನ್ನು ವಿಚಾರಿಸಲು ನಮ್ಮ ವಿಧಾನಸಭೆಯ ಒಂದು ದಿನವನ್ನೇ ಎದುರಿಗಿಟ್ಟುಕೊಳ್ಳುವುದು ಉಚಿತ.

ಆ ದಿನ 2019ರ ಜುಲೈ 23, ಮಂಗಳವಾರ. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಜುಲೈ 18ರಂದು ಮಂಡಿಸಿದ್ದ ವಿಶ್ವಾಸಮತದ ನಿರ್ಣಯದ ಮೇಲೆ ಅಂದು ಚರ್ಚೆಯ ನಾಲ್ಕನೆಯ ದಿನ. ಹಿಂದಿನ ರಾತ್ರಿ ಸದನವು ನಡುರಾತ್ರಿಯ ಸಮೀಪದವರೆಗೂ ನಡೆದಿತ್ತು. ಆಡಳಿತ ಪಕ್ಷದವರು ದೀರ್ಘವಾಗಿ ಮಾತನಾಡಿದರು; ವಿರೋಧ ಪಕ್ಷದವರು ಬಹುಮಟ್ಟಿಗೆ ಮೌನವಾಗಿದ್ದು ಮತಕ್ಕೆ ಹಾಕಬೇಕೆಂದು ಒತ್ತಾಯಿಸಿದರು. ಸಂಜೆ ಮುಖ್ಯಮಂತ್ರಿಗಳು ಉತ್ತರ ನೀಡಿದ ಮೇಲೆ ಸಭಾಧ್ಯಕ್ಷರಾದ ಕೆ.ಆರ್. ರಮೇಶ್ ಕುಮಾರ್ ಅವರು ನಿರ್ಣಯವನ್ನು ಮತಕ್ಕೆ ಹಾಕಿದರು. ಸದಸ್ಯರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆಗಳನ್ನು ಎಣಿಸಲಾಯಿತು. ನಿರ್ಣಯದ ಪರ 99, ವಿರುದ್ಧ 105. ಹದಿನಾಲ್ಕು ತಿಂಗಳ ಸರ್ಕಾರವು ಆರು ಮತಗಳ ಅಂತರದಲ್ಲಿ ಉರುಳಿತು.

ಯಾವ ಪಕ್ಷವು ಗೆದ್ದಿತು, ಯಾವುದು ಸೋತಿತು ಎಂಬುದು ಈ ಪತ್ರಿಕೆಯ ವಿಷಯವಲ್ಲ. ಎಲ್ಲ ಪಕ್ಷಗಳಲ್ಲಿಯೂ ನಮ್ಮವರಿದ್ದಾರೆ. ವಿಚಾರಿಸಬೇಕಾದುದು ಎಣಿಕೆಗೆ ಸಿಗದಿದ್ದ ಇಪ್ಪತ್ತು ಸದಸ್ಯರ ಗೈರುಹಾಜರಿಯನ್ನು.

ಖಾಲಿ ಪೀಠಗಳು

ಬೆಂಗಳೂರಿನ ಹೊರವಲಯವನ್ನೇ ನೋಡೋಣ. ಪೀಣ್ಯದ ಕಾರ್ಖಾನೆಗಳನ್ನೊಳಗೊಂಡ ದಾಸರಹಳ್ಳಿ ಕ್ಷೇತ್ರದ ಶಾಸಕರು ಅಂದು ನಿರ್ಣಯದ ಪರ ನಿಂತರು. ವೈಟ್‌ಫೀಲ್ಡ್ ಸೇರಿದ ಮಹದೇವಪುರದ ಶಾಸಕರು ವಿರುದ್ಧ ನಿಂತರು. ಇಬ್ಬರೂ ತಮ್ಮ ನಿಲುವನ್ನು ಜನರೆದುರು ದಾಖಲಿಸಿದರು. ಆದರೆ ಇವುಗಳ ನೆರೆಯ ಯಶವಂತಪುರ ಮತ್ತು ಕೃಷ್ಣರಾಜಪುರ ಕ್ಷೇತ್ರಗಳ ಪೀಠಗಳು ಖಾಲಿಯಿದ್ದವು, ಹೊಸಕೋಟೆಯದೂ ಹಾಗೆಯೇ. ಅಲ್ಲಿನ ಶಾಸಕರು ರಾಜೀನಾಮೆ ಪತ್ರಗಳನ್ನು ಕೊಟ್ಟಿದ್ದರು, ಅವು ಅಂಗೀಕಾರವಾಗಿರಲಿಲ್ಲ. ಅತೃಪ್ತ ಶಾಸಕರನ್ನು ಸದನಕ್ಕೆ ಬರಲೇಬೇಕೆಂದು ಬಲವಂತಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಜುಲೈ 17ರಂದು ಹೇಳಿತ್ತು. ಆ ತಿಂಗಳ ಕೊನೆಯಲ್ಲಿ ಸಭಾಧ್ಯಕ್ಷರು ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿಯಿತು; ಆದರೆ ಮತ್ತೆ ಚುನಾವಣೆಗೆ ನಿಲ್ಲಲು ಅವರಿಗೆ ಅವಕಾಶ ನೀಡಿತು.

ಸರ್ಕಾರದ ಬಲಾಬಲವು ಸದನದಲ್ಲಿಯೇ ತೀರ್ಮಾನವಾಗಬೇಕೆಂಬ ನಿಯಮವು ಭಾರತಕ್ಕೆ ದೊರೆತದ್ದು ನಮ್ಮ ನಾಡಿನ ಪ್ರಕರಣದಿಂದ ಎಂಬುದನ್ನು ಇಲ್ಲಿ ನೆನೆಯಬೇಕು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಲಾಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಅವರು ಕೇಳಿಕೊಂಡರೂ ಅವಕಾಶ ದೊರೆಯಲಿಲ್ಲ. ರಾಜ್ಯಪಾಲರಿಗೆ ಬಂದ ಶಾಸಕರ ಪತ್ರಗಳೇ ಪ್ರಮಾಣವಾದವು. ಬೊಮ್ಮಾಯಿಯವರು ನ್ಯಾಯಾಲಯದ ಮೊರೆಹೊಕ್ಕರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದ ಪರೀಕ್ಷೆಗೆ ಸದನವೇ ಸ್ಥಳವೆಂದು ಸಾರಿತು. ಅವರು ಕಳೆದುಕೊಂಡ ಅಧಿಕಾರ ಮರಳಿ ಬರಲಿಲ್ಲ. ಆದರೆ ಮುಂದಿನ ಎಲ್ಲ ಸರ್ಕಾರಗಳಿಗೂ ಒಂದು ರಕ್ಷಣೆ ದೊರೆಯಿತು.

ಚರ್ಚೆ ಯಾರಿಗಾಗಿ?

ಅನುಭವ ಮಂಟಪದಲ್ಲಿ ಮತ ಎಣಿಸುವ ಪದ್ಧತಿ ಇರಲಿಲ್ಲ. ಶೂನ್ಯಸಿಂಹಾಸನದ ಮೇಲಿದ್ದ ಅಲ್ಲಮಪ್ರಭುವು ಅಕ್ಕಮಹಾದೇವಿಯನ್ನು ಕಠಿಣವಾಗಿ ಪ್ರಶ್ನಿಸಿದನೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಅಲ್ಲಿ ಮಾತು ಮಾತನ್ನು ಪರೀಕ್ಷಿಸಿತು. ಉತ್ತರವನ್ನು ಕೇಳಿದವರ ಮನಸ್ಸು ಬದಲಾಯಿತು. ಇಂದಿನ ಸದನದಲ್ಲಿ ಅದು ವಿರಳ. 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ಪಕ್ಷದ ಸಚೇತಕಾಜ್ಞೆಯನ್ನು ಮೀರಿ ಮತ ನೀಡಿದ ಶಾಸಕನು ಸ್ಥಾನವನ್ನು ಕಳೆದುಕೊಳ್ಳಬಹುದು. ಆದ್ದರಿಂದ ನಾಲ್ಕು ದಿನಗಳ ಭಾಷಣಗಳಿಂದ ಎದುರಿನ ಸಾಲಿನ ಒಂದು ಮತವೂ ಕದಲುವಂತಿರಲಿಲ್ಲ.

ಹಾಗಾದರೆ ಆ ಚರ್ಚೆ ವ್ಯರ್ಥವೇ? ಅಲ್ಲ. ಅದರ ನಿಜವಾದ ಶ್ರೋತೃಗಳು ಸದನದ ಹೊರಗಿದ್ದರು. ಪಾಳಿ ಮುಗಿಸಿ ಬಂದ ಪೀಣ್ಯದ ಕಾರ್ಮಿಕ, ಎಲೆಕ್ಟ್ರಾನಿಕ್ ಸಿಟಿಯಿಂದ ಮನೆಗೆ ಮರಳುವ ಎಂಜಿನಿಯರ್, ಅಡುಗೆಮನೆಯಲ್ಲಿ ವಾರ್ತೆ ಕೇಳುವ ತಾಯಿ: ಇವರ ಮನಸ್ಸು ಮಾತ್ರವೇ ಆ ಮಾತುಗಳಿಂದ ಬದಲಾಗಬಹುದಿತ್ತು. ಇಂದಿನ ಅನುಭವ ಮಂಟಪದ ಅರ್ಧಭಾಗವು ವಿಧಾನಸೌಧದಲ್ಲಿದ್ದರೆ ಉಳಿದರ್ಧವು ನಮ್ಮ ಮನೆಗಳಲ್ಲಿದೆ.

ಆ ಉಳಿದರ್ಧವು ಹೇಗೆ ನಡೆದುಕೊಂಡಿತು? 2019ರ ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಹೊಸಕೋಟೆಯಲ್ಲಿ ನೂರಕ್ಕೆ ತೊಂಬತ್ತು ಮಂದಿ ಮತ ನೀಡಿದರು. ಅದೇ ಹೆದ್ದಾರಿಯಲ್ಲಿ ಕೆಲವೇ ಮೈಲಿಗಳ ಈಚೆಗಿರುವ ಕೃಷ್ಣರಾಜಪುರದಲ್ಲಿ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬರಲಿಲ್ಲ. ಸದನಕ್ಕೆ ಬಾರದ ಶಾಸಕನನ್ನು ನಿಂದಿಸುವ ನಾವು ಮತಗಟ್ಟೆಗೆ ಬಾರದ ನಮ್ಮನ್ನು ಏನೆಂದು ಕರೆಯೋಣ? ಗೈರುಹಾಜರಿಯ ದೋಷವು ವಿಧಾನಸೌಧದ ಮೆಟ್ಟಿಲಿಗೇ ನಿಲ್ಲುವುದಿಲ್ಲ.

ಶರಣರ ಮನೆಗಳು ಮಾಡಬಹುದಾದುದು

ಕಲಬುರಗಿ, ವಿಜಯಪುರ, ಹಾವೇರಿ ಮೊದಲಾದ ಕಡೆಗಳಿಂದ ಬಂದು ಪೀಣ್ಯ, ದಾಸರಹಳ್ಳಿ, ವೈಟ್‌ಫೀಲ್ಡ್‌ಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳು ಅನೇಕ. ಇವರಲ್ಲಿ ಎಷ್ಟೋ ಮಂದಿಯ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲಿಯೇ ಇದೆ. ಊರಿಗೆ ಹೋಗಲು ರಜೆಯಿಲ್ಲ, ಇಲ್ಲಿ ಹೆಸರಿಲ್ಲ. ಹೀಗೆ ಎರಡೂ ಕಡೆ ಮತವು ನಷ್ಟವಾಗುತ್ತದೆ. ನೆಲೆಸಿದಲ್ಲಿಗೆ ಹೆಸರನ್ನು ವರ್ಗಾಯಿಸಿಕೊಳ್ಳಲು ನಮೂನೆ 8, ಹದಿನೆಂಟು ತುಂಬಿದ ಮಕ್ಕಳ ಹೆಸರನ್ನು ಸೇರಿಸಲು ನಮೂನೆ 6 ಇವೆ. ಮನೆಯ ಹಿರಿಯರು ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟರೆ ಸಾಕು.

ಎರಡನೆಯ ಮಾತು ಆಯ್ದಕ್ಕಿ ಲಕ್ಕಮ್ಮನದು. ಪತಿಯಾದ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಆ ತಾಯಿ ಹೇಳಿದಳು. ಕಾಯಕಕ್ಕೆ ಸಲ್ಲದ ಒಂದು ಹಿಡಿಯೂ ಮನೆಗೆ ಬೇಡವೆಂಬುದು ಅವಳ ನಿಲುವು. ಚುನಾವಣೆಯ ಕಾಲದಲ್ಲಿ ಬಾಗಿಲಿಗೆ ಬರುವ ಸೀರೆ, ಕುಕ್ಕರು, ಹಣದ ಲಕೋಟೆಗಳು ಯಾವ ಕಾಯಕದ ಫಲ? ಅವನ್ನು ಮರಳಿಸುವ ಧೈರ್ಯವು ಗೃಹಿಣಿಯಿಂದಲೇ ಆರಂಭವಾಗಬೇಕು. ಮತವನ್ನು ಮಾರಿಕೊಂಡ ಮನೆಗೆ ತನ್ನ ಶಾಸಕನ ನಿಷ್ಠೆಯನ್ನು ಪ್ರಶ್ನಿಸುವ ನೈತಿಕ ಬಲ ಉಳಿಯುವುದಿಲ್ಲ.

ಮೂರನೆಯದಾಗಿ, ಗೆದ್ದವರನ್ನು ಕೇಳುವ ಅಭ್ಯಾಸ. ನಮ್ಮ ಬಸವ ಸಮಿತಿಗಳೂ ಅಕ್ಕನ ಬಳಗಗಳೂ ವರ್ಷಕ್ಕೊಮ್ಮೆಯಾದರೂ ಕ್ಷೇತ್ರದ ಪ್ರತಿನಿಧಿಯನ್ನು ಕರೆಯಲಿ. ಹಾರ ತುರಾಯಿಗಳಿಗೆ ಮುಂಚೆ ಪ್ರಶ್ನೆಗಳಿರಲಿ: ಸದನದಲ್ಲಿ ಎಷ್ಟು ದಿನ ಇದ್ದಿರಿ, ಯಾವ ವಿಷಯದಲ್ಲಿ ಮಾತನಾಡಿದಿರಿ, ಯಾವುದಕ್ಕೆ ಮತ ನೀಡಿದಿರಿ? ಅಲ್ಲಮನ ಪ್ರಶ್ನೆಗೆ ಅಕ್ಕ ಅಂಜಲಿಲ್ಲ. ಶುದ್ಧನಾದ ಪ್ರತಿನಿಧಿಯೂ ನಮ್ಮ ಪ್ರಶ್ನೆಗೆ ಅಂಜಬೇಕಾಗಿಲ್ಲ.

ಸರ್ಕಾರಗಳು ಬರುತ್ತವೆ, ಹೋಗುತ್ತವೆ. ಉಳಿಯಬೇಕಾದುದು ನಿಂತು ಎಣಿಸಿಕೊಳ್ಳುವ ನಿಷ್ಠೆ. ಅದನ್ನು ಶಾಸಕರಿಂದ ಬಯಸುವ ನಾವು ಮೊದಲು ನಮ್ಮ ಮನೆಗಳಲ್ಲಿ ಬೆಳೆಸೋಣ.